ಚಿತ್ರ ಬರೆದವಳ ಹೆಸರು ಹಾಕಿ

ಇವತ್ತು ಬೆಳಿಗ್ಗೆ ಹಕ್ಕಿ ಗ್ರೂಪಿನಲ್ಲಿ ಯಾರೋ ಗಲಾಪಗೋಸ್ ದ್ವೀಪಗಳ ಫಿಂಚ್ ಅನ್ನುವ ಪುಟ್ಟ ಹಕ್ಕಿಗಳ ಹಳೇ ಚಿತ್ರ ಹಾಕಿದ್ದರು. ಕೆಳಗೆ "ಚಿತ್ರ: ಜಾನ್ ಗೂಲ್ಡ್" ಅಂತ ಒಂದೇ ಹೆಸರು, ಹಕ್ಕಿ ಪುಸ್ತಕಗಳನ್ನು ಹೊರತಂದ ಇಂಗ್ಲೆಂಡಿನ ಪಕ್ಷಿತಜ್ಞನದ್ದು. ಮೈ ಉರಿಯಿತು. ನಾನು ಹಕ್ಕಿ ಚಿತ್ರ ಬರೆಯುವುದು ನಿಮಗೆಲ್ಲ ಗೊತ್ತು. ಇದನ್ನು ಸುಮ್ನೆ ಬಿಡಲು ನನ್ನಿಂದ ಆಗುವುದಿಲ್ಲ.

ಡಾರ್ವಿನ್ನನ ಬೀಗಲ್ ಹಡಗಿನ ಯಾನದ ಹಕ್ಕಿಗಳ ಸಂಪುಟದಲ್ಲಿ 50 ಚಿತ್ರಗಳಿವೆ. ಅಷ್ಟನ್ನೂ ಅಚ್ಚಿನ ಕಲ್ಲಿನ ಮೇಲೆ ಬರೆದವಳು ಜಾನ್‌ನ ಹೆಂಡತಿ ಎಲಿಜಬೆತ್. ಡಾರ್ವಿನ್ನೇ ಪುಸ್ತಕದ ಮೊದಲಲ್ಲಿ ಇದನ್ನು ಹೇಳಿ ಅವಳ ಕೆಲಸವನ್ನು ಹೊಗಳಿದ್ದಾನೆ. ಅವನಿಗೆ ಅವತ್ತು ಕಂಡದ್ದು ನಮಗೆ ಇವತ್ತು ಯಾಕೆ ಕಾಣುತ್ತಿಲ್ಲ?

"ಸ್ಕೆಚ್ ಹಾಕಿಕೊಟ್ಟವನು ಜಾನ್ ಅಲ್ವಾ?" ಅಂತ ಒಬ್ಬರು ಕೇಳಿದರು. ಹೌದು. ತನ್ನ ಪುಸ್ತಕಗಳಿಗೆ ದುಡ್ಡು ಹೊಂದಿಸಿದವನೂ ಅವನೇ. ಡಾರ್ವಿನ್ ಗಲಾಪಗೋಸ್‌ನಿಂದ ತಂದ ಹಲವು ಹಕ್ಕಿಗಳು ಒಂದೇ ಗುಂಪಿನ ಫಿಂಚ್‌ಗಳು ಅಂತ 1837ರಲ್ಲಿ ಗುರುತಿಸಿದವನೂ ಅವನೇ. ಆ ಗೌರವ ಅವನಿಗೇ ಇರಲಿ. ಆದರೆ ಸ್ಕೆಚ್ಚಿಗೂ ಮುಗಿದ ಚಿತ್ರಕ್ಕೂ ನಡುವೆ ಎಷ್ಟು ಕೆಲಸ ಇದೆ ಅಂತ ಪೆನ್ಸಿಲ್ ಹಿಡಿದವರನ್ನು ಕೇಳಿ ನೋಡಿ.

1830ರಿಂದ 1832ರ ನಡುವೆ ಜಾನ್ ಹೊರತಂದ ಹಿಮಾಲಯದ ಹಕ್ಕಿಗಳ ಪುಸ್ತಕವನ್ನೇ ನೋಡಿ. 80 ಫಲಕ, ಅಂದರೆ ಚಿತ್ರದ ಹಾಳೆ, ನೂರು ಹಕ್ಕಿ. ಬರೆದ ಎಲಿಜಬೆತ್ ಹಿಮಾಲಯ ಕಂಡವಳೇ ಅಲ್ಲ. ಮುಂದಿದ್ದದ್ದು ಲಂಡನ್ನಿಗೆ ಬಂದ ಸತ್ತ ಹಕ್ಕಿಗಳ ಒಣ ಚರ್ಮ. ಒಣಗಿದ ಮೇಲೆ ಕೊಕ್ಕು, ಕಾಲುಗಳ ಬಣ್ಣ ಮಾಸುತ್ತದೆ. ಕಣ್ಣಂತೂ ಇರುವುದೇ ಇಲ್ಲ. ಅಂಥದ್ದನ್ನು ನೋಡಿಕೊಂಡು ಕೊಂಬೆ ಮೇಲೆ ಕೂತ ಹಕ್ಕಿಯನ್ನು ಬರೆಯಬೇಕು. ಅದೂ ಜಿಡ್ಡಿನ ಕಡ್ಡಿಯಿಂದ, ಸುಣ್ಣದ ಕಲ್ಲಿನ ಮೇಲೆ, ಎಡಬಲ ಅದಲುಬದಲಾಗಿ. ಬೆರಳು ತಾಗಿದರೆ ಬೆರಳಿನ ಜಿಡ್ಡೂ ಅಚ್ಚಾಗಿಬಿಡುತ್ತದೆ. ಈ ವಿದ್ಯೆಯನ್ನು ಅವಳು ಕಲಿತದ್ದೇ ಆ ಪುಸ್ತಕಕ್ಕಾಗಿ.

1838ರಲ್ಲಿ ಮೂರು ಚಿಕ್ಕ ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಗಂಡನ ಜೊತೆ ಆಸ್ಟ್ರೇಲಿಯಾದ ಹಡಗು ಹತ್ತಿದಳು. ಹೋಬರ್ಟಿನಲ್ಲಿ ಇನ್ನೊಂದು ಗಂಡುಮಗು ಹುಟ್ಟಿತು. ಅಲ್ಲಿಯೂ ಬರೆದಳು, ಹಕ್ಕಿಗಳ ಜೊತೆಗೆ ಗಿಡಗಳನ್ನೂ. 1840ರಲ್ಲಿ ವಾಪಸ್ ಬಂದಳು. ಮರುವರ್ಷ ಆಗಸ್ಟ್‌ನಲ್ಲಿ, ಎಂಟನೇ ಹೆರಿಗೆಯಾದ ಮೇಲೆ, ಬಾಣಂತಿ ನಂಜಿಗೆ ತೀರಿಕೊಂಡಳು. ಆಗ ಅವಳಿಗೆ 37 ವರ್ಷ. ಬರೆದದ್ದು ಹನ್ನೊಂದೇ ವರ್ಷ, ಚಿತ್ರಗಳು 600ಕ್ಕೂ ಜಾಸ್ತಿ. ಆಸ್ಟ್ರೇಲಿಯಾದ ಹಕ್ಕಿಗಳ ದೊಡ್ಡ ಪುಸ್ತಕಕ್ಕೆ 84 ಫಲಕ ಮುಗಿಸಿಟ್ಟಿದ್ದಳು. ಉಳಿದದ್ದನ್ನು ರಿಕ್ಟರ್ ಅನ್ನುವ ಕಲಾವಿದ ಮುಂದುವರಿಸಿದ. ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಒಂದು ಮಾತು ಹೇಳಿಬಿಡುತ್ತೇನೆ. ನಾನು ಬರೆದ ಚಿತ್ರದ ಕೆಳಗೆ ಬೇರೆಯವರ ಹೆಸರು ಅಚ್ಚಾದದ್ದಿದೆ. ಆಗ ನಾನು ಬಾಯಿ ಬಿಡಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ.

"ಹೆಂಡತಿಯ ನೆನಪಿಗೆ ಹಕ್ಕಿಗೇ ಹೆಸರಿಟ್ಟನಲ್ಲ" ಅಂತ ಇನ್ನೊಬ್ಬರು ಬರೆದಿದ್ದಾರೆ. ಇಟ್ಟ, 1844ರಲ್ಲಿ, ಗೂಲ್ಡಿಯನ್ ಫಿಂಚ್‌ಗೆ. ಪ್ರೀತಿಯಿಂದಲೇ ಇಟ್ಟ. ಆದರೆ ಆ ಹೆಸರು ಕೇಳಿದವರಿಗೆ ಮತ್ತೆ ನೆನಪಾಗುವುದು ಜಾನ್. ಹಕ್ಕಿಗೆ ಹೆಸರಿಟ್ಟರೆ ಚಿತ್ರದ ಕೆಳಗಿನ ಹೆಸರು ಅಳಿಸಿಬಿಡಬಹುದಾ?

ಹಿಮಾಲಯದ ಪುಸ್ತಕದ ಫಲಕಗಳ ಬುಡದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದೆ: ನೋಡಿ ಬರೆದು ಕಲ್ಲಿಗೆ ಇಳಿಸಿದ್ದು ಇ. ಗೂಲ್ಡ್. ಹಂಚುವಾಗ ದಯವಿಟ್ಟು ಆ ಅಂಚನ್ನು ಕತ್ತರಿಸಬೇಡಿ.