ಎರಡನೇ ಸರದಿ, ಮೂರನೇ ಕೂಗು

ಗುರುವಾರ ರಾತ್ರಿ ಎಂಟು ಗಂಟೆ ದಾಟಿದ ಮೇಲೆ ನಮ್ಮ ಮನೆಯ ಕುಕ್ಕರ್ ಮೂರನೇ ಸಲ ಕೂಗಿತು. "ಸ್ವಲ್ಪ ಒಲೆ ಆರಿಸಿ ಬನ್ನಿ" ಎಂದು ಹೆಂಡತಿ ಮಹಡಿಯಿಂದ ಹೇಳಿದಳು. ಎದ್ದೆ, ಆರಿಸಿದೆ, ಹಾಗೆಯೇ ತೆರೆದಿಟ್ಟಿದ್ದ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದೆ, ಬಂದೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ನನ್ನ ಮಾವ, ಮನೆಯಲ್ಲಿ ಯಾರೂ ಇಲ್ಲದಾಗ ಬಂದುಹೋದ ಗ್ಯಾಸಿನವನ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು: "ನಿಮ್ಮ ಸರದಿ ಬಂದಿತ್ತು. ಯಾರೋ ಜಾಕ್ಸನ್ ಎನ್ನುವವರು ತೆಗೆದುಕೊಂಡು ಹೋದರು."

ಜಾಕ್ಸನ್ ಅಲ್ಲ, ಜಾಕ್ಸನ್‌ವಿಲ್ ಎಂಬ ಊರಿನ ಫುಟ್‌ಬಾಲ್ ತಂಡ. ಆದರೆ ತಿದ್ದುವ ಸ್ಥಿತಿಯಲ್ಲಿ ನಾನಿರಲಿಲ್ಲ. ಜನವರಿಯಿಂದ ಕಾದಿದ್ದೆ. ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್ 2024ರ ಸಾಲಿನಲ್ಲಿ 17 ಪಂದ್ಯ ಆಡಿ 14ರಲ್ಲಿ ಸೋತಿತ್ತು. ಅಷ್ಟು ಕಷ್ಟಪಟ್ಟು ಸೋತದ್ದಕ್ಕೆ ಸಿಕ್ಕ ಫಲವೆಂದರೆ 2025ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಕಾಲೇಜಿನ ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಕಾರ್ಯಕ್ರಮದಲ್ಲಿ, ಎರಡನೇ ಸರದಿ. ಅದನ್ನು ನಾನು ಅನ್ನ ಇಳಿಸಿ ಬರುವಷ್ಟರಲ್ಲಿ ನಮ್ಮ ತಂಡದವರೇ ಮಾರಿಬಿಟ್ಟಿದ್ದರು.

ಡ್ರಾಫ್ಟ್ ಎಂದರೇನೆಂದು ಕೇಳುವವರಿಗೆ ನಾನು ಸಿಇಟಿಯ ಉದಾಹರಣೆ ಕೊಡುತ್ತೇನೆ. ನಮ್ಮ ಸಿಇಟಿಯಲ್ಲಿ ಮೊದಲ ರ‍್ಯಾಂಕಿನ ಹುಡುಗ ಕಾಲೇಜನ್ನು ಆರಿಸುತ್ತಾನೆ. ಇಲ್ಲಿ ಕೊನೆಯ ರ‍್ಯಾಂಕಿನ ಕಾಲೇಜು ಮೊದಲ ಹುಡುಗನನ್ನು ಆರಿಸುತ್ತದೆ. ಹುಡುಗನಿಗೆ ಬಾಯಿಲ್ಲ. 32 ತಂಡಗಳು, ಏಳು ಸುತ್ತು, ಮೂರು ದಿನ. ಅಮೆರಿಕನ್ ಫುಟ್‌ಬಾಲಿನ ಮಟ್ಟಿಗೆ ಏಪ್ರಿಲ್ ಕೊನೆಯ ಈ ಮೂರು ದಿನ ಮಾತ್ರ ಬ್ರೌನ್ಸ್ ಅಭಿಮಾನಿ ತಲೆ ಎತ್ತಿಕೊಂಡು ಓಡಾಡುವುದು. ಆಟವೇ ಇಲ್ಲವಾದ್ದರಿಂದ ಸೋಲುವ ಸಂಭವವಿಲ್ಲ.

ನನಗೆ ಬೇಕಿದ್ದವನು ಟ್ರಾವಿಸ್ ಹಂಟರ್. ಕೊಲೊರಾಡೊ ವಿಶ್ವವಿದ್ಯಾಲಯದ ಹುಡುಗ, ಕಾಲೇಜು ಫುಟ್‌ಬಾಲಿನ ದೊಡ್ಡ ಪ್ರಶಸ್ತಿಯಾದ ಹೈಸ್‌ಮನ್ ಅನ್ನು 2024ರಲ್ಲಿ ಗೆದ್ದವನು. ನಮ್ಮವರು ಚೆಂಡು ಎಸೆಯುವಾಗ ಓಡಿ ಹಿಡಿಯುತ್ತಾನೆ. ಎದುರಾಳಿ ಎಸೆದಾಗಲೂ ಮೈದಾನ ಬಿಡದೆ ನಿಂತು ತಡೆಯುತ್ತಾನೆ. ಒಂದೇ ಸಂಬಳಕ್ಕೆ ಎರಡು ಕೆಲಸ. ನನ್ನ ಕಚೇರಿಯಲ್ಲಿ ನಾನೂ ಅದನ್ನೇ ಮಾಡುತ್ತೇನೆ, ಪ್ರಶಸ್ತಿಯೊಂದು ಬಂದಿಲ್ಲ. ಹಂಟರನ ಗುಣಗಾನವನ್ನು ನಾನು ನಾಲ್ಕು ತಿಂಗಳು ಮಾಡಿದ್ದೆ: ಹೆಂಡತಿಯ ಮುಂದೆ, ಮಗನ ಮುಂದೆ, ತರಕಾರಿ ಕೊಳ್ಳುವಾಗ ಸಿಕ್ಕ ಕನ್ನಡ ಕೂಟದವರ ಮುಂದೆ, ಕೊನೆಗೆ ಮಾರ್ಚ್ ಮುಗಿಯುವ ಹೊತ್ತಿಗೆ ಆರು ತಿಂಗಳ ವೀಸಾದಲ್ಲಿ ಬಂದಿಳಿದ ಮಾವನ ಮುಂದೆ.

ಮಾವ ತಿಪಟೂರಿನ ಕಡೆಯವರು, ಕೊಬ್ಬರಿ ಬೆಳೆಗಾರರು. ಊರಿನಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ತೋಟ ಸುತ್ತುವ ಮನುಷ್ಯನನ್ನು ತಂದು ಓಹಾಯೋದ ಏಪ್ರಿಲ್ ಚಳಿಯಲ್ಲಿ ಕಿಟಕಿಯ ಬಳಿ ಕೂರಿಸಿದರೆ ಏನಾಗುತ್ತದೆಂದು ಮೊದಲೇ ಯೋಚಿಸಬೇಕಿತ್ತು. ಹೊತ್ತು ಹೋಗಲೆಂದು ನಾನೇ ಡ್ರಾಫ್ಟಿನ ಕಥೆ ಶುರು ಮಾಡಿದೆ. ಫೆಬ್ರುವರಿಯ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನೆಲ್ಲ ಸೇರಿಸಿ ಪರೀಕ್ಷೆ ನಡೆಸುತ್ತಾರೆ, ನಲವತ್ತು ಗಜ ಓಡಿಸುತ್ತಾರೆ, ಹಾರಿಸುತ್ತಾರೆ, ತೂಗುತ್ತಾರೆ ಎಂದೆಲ್ಲ ಹೇಳಿದೆ. ಹೆಣ್ಣು ನೋಡುವ ಶಾಸ್ತ್ರದ ಹಾಗಿದೆ ಎಂದು ಅವರು ನಕ್ಕರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಗೇಣನ್ನೂ ಅಳೆಯುತ್ತಾರೆ ಮಾವ" ಎಂದುಬಿಟ್ಟೆ.

"ಗೇಣೇ!" ಎಂದರು. ಅಮೆರಿಕಕ್ಕೆ ಬಂದ ಮೇಲೆ ಅವರ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ. ನಯಾಗರಾ ತೋರಿಸಿದಾಗಲೂ ಇಲ್ಲ.

ಹೌದು, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಗೇಣು ಒಂಬತ್ತು ಇಂಚಿಗಿಂತ ಕಡಿಮೆಯಿದ್ದರೆ ಇಲ್ಲಿನ ಪಂಡಿತರು ಹುಬ್ಬು ಗಂಟಿಕ್ಕುತ್ತಾರೆ. 2022ರಲ್ಲಿ ಕೆನ್ನಿ ಪಿಕೆಟ್ ಎಂಬ ಹುಡುಗನ ಗೇಣು ಎಂಟೂವರೆ ಇಂಚು ಬಂದದ್ದು ದೇಶದ ಸಮಸ್ಯೆಯಾಗಿತ್ತು. ಆ ಪಿಕೆಟ್ 2025ರ ಮಾರ್ಚಿನಲ್ಲಷ್ಟೇ ನಮ್ಮ ತಂಡಕ್ಕೆ ಬಂದಿದ್ದ.

ಮರುದಿನ ಬೆಳಿಗ್ಗೆ ಮಾವ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದು ಜುಬ್ಬಾದ ಜೇಬಿಗೆ ಹಾಕಿಕೊಂಡರು. ಮೊದಲು ಮೊಮ್ಮಗನ ಗೇಣು: ಆರು ಇಂಚು, ಬೆಳೆಯುವ ಹುಡುಗ, ತೊಂದರೆಯಿಲ್ಲ. ಆಮೇಲೆ ಪಾರ್ಸೆಲ್ ತಂದವನ ಗೇಣು. ಅವನು ಸಹಿ ಹಾಕಿಸಿಕೊಳ್ಳಲು ನಿಂತವನು ಕೈ ಚಾಚಿ ಕೊಟ್ಟ, ಭಾರತದಲ್ಲಿ ಪಾರ್ಸೆಲ್ ಪಡೆಯುವ ಕ್ರಮವೇ ಹೀಗಿರಬೇಕು ಎಂದುಕೊಂಡನೋ ಏನೋ. ಭಾನುವಾರ ಪಾರ್ಮಾದ ಶಿವ-ವಿಷ್ಣು ದೇವಸ್ಥಾನಕ್ಕೆ ಹೋದಾಗ ತೀರ್ಥ ಕೊಡಲು ಮುಂದೆ ಬಂದ ಅರ್ಚಕರ ಕೈಯನ್ನು ಮಾವ ತೀರ್ಥಕ್ಕಿಂತ ಹೆಚ್ಚು ಭಕ್ತಿಯಿಂದ ನೋಡಿದರು. ಟೇಪು ತೆಗೆಯಲಿಲ್ಲ, ಅದು ಅವರ ದೊಡ್ಡತನ. ಕಾರಿನಲ್ಲಿ ಕುಳಿತ ಮೇಲೆ "ಒಂಬತ್ತೂಕಾಲು ಬರಬಹುದು" ಎಂದರು. ಏಣಿ ಕೇಳಲು ಬಂದ ಪಕ್ಕದ ಮನೆಯ ಹಿರಿಯರದು ಹತ್ತು ಇಂಚು ಬಂದಿತು. ಏಣಿ ಹೊತ್ತು ಅವರು ಹೊರಟ ಮೇಲೆ ಮಾವ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಇವರನ್ನೇ ಒಂದು ಮಾತು ಕೇಳಬಹುದಲ್ಲ?" ಅವರಿಗೆ ಎಪ್ಪತ್ತೆರಡು ವರ್ಷ, ಎರಡೂ ಮಂಡಿ ಬದಲಾಯಿಸಿದ್ದಾರೆ.

ಇಷ್ಟೆಲ್ಲ ಆದ ಮೇಲೆ ಒಂದು ಸಂಜೆ, ನಾನು ಟೀ ಕುಡಿಯುತ್ತಿರುವಾಗ, ನನ್ನ ಕೈ ಹಿಡಿದುಕೊಂಡರು. ಟೇಪು ಹಾಸಿದರು. ಕನ್ನಡಕ ಸರಿಪಡಿಸಿಕೊಂಡು ಎರಡನೇ ಸಲ ಹಾಸಿದರು. ಎಂಟೂಕಾಲು. ಪಿಕೆಟ್‌ಗಿಂತ ಕಾಲಿಂಚು ಕಡಿಮೆ. ಮಾವ ಏನೂ ಹೇಳದೆ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿನ ನಂತರ, ತಮಗೆ ತಾವೇ ಹೇಳಿಕೊಳ್ಳುವಂತೆ: "ಜಾತಕವೊಂದನ್ನೇ ನೋಡಿದೆವು."

ಒಳಗೆ ಹೆಂಡತಿ ನಕ್ಕಿದ್ದು ನನಗೆ ಕೇಳಿಸಿತು.

ಇಂಥವರ ಪಕ್ಕದಲ್ಲಿ ಕುಳಿತು ನಾನು ಗುರುವಾರದ ದುರಂತವನ್ನು ಅರಗಿಸಿಕೊಳ್ಳಬೇಕಿತ್ತು. ಕೊಟ್ಟದ್ದೇನು, ಪಡೆದದ್ದೇನು ಎಂದು ಮಾವ ಲೆಕ್ಕ ಕೇಳಿದರು. ನಮ್ಮ ಎರಡನೇ ಸರದಿಯ ಜೊತೆಗೆ ನಂತರದ ಸುತ್ತುಗಳ ಎರಡು ಸಣ್ಣ ಸರದಿ ಕೊಟ್ಟು, ಜಾಕ್ಸನ್‌ವಿಲ್‌ನಿಂದ ಐದನೆಯದು, 36ನೆಯದು, 126ನೆಯದು, ಮತ್ತು ಅವರ ಮುಂದಿನ ವರ್ಷದ ಮೊದಲ ಸುತ್ತಿನ ಸರದಿ. ಮಾವ ಬೆರಳ ಗೆಣ್ಣುಗಳ ಮೇಲೆ ಎಣಿಸಿದರು. "ಲಾಭವೇ ಆಯಿತಲ್ಲ?" ಎಂದರು.

ಕೊಬ್ಬರಿಯವರ ಹತ್ತಿರ ಇದೇ ತೊಂದರೆ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಅದರ ಗೊಡವೆಗೇ ಹೋಗದೆ, ಒಂದು ದಿನ ಕಿವಿಯ ಬಳಿ ಹಿಡಿದು ಅಲುಗಾಡಿಸಿ, ಒಳಗೆ ಗಿಟುಕು ಬಿಟ್ಟುಕೊಂಡ ಸದ್ದು ಬಂದರೆ ಸುಲಿಸುವ ಜನ. ಅವರಿಗೆ ಮುಂದಿನ ವರ್ಷ ಎಂದರೆ ನಾಳೆ ಎಂದ ಹಾಗೆ. "ಹುಡುಗ ಎಲ್ಲಿ ಹೋಗುತ್ತಾನೆ, ಇನ್ನೊಂದು ಫಸಲು ಬರುತ್ತದೆ" ಎಂದು ನನ್ನನ್ನೇ ಸಮಾಧಾನ ಮಾಡಿದರು. ಹಂಟರ್ ಎಲ್ಲಿ ಹೋಗುತ್ತಾನೆ ಎನ್ನುವುದು ಅಷ್ಟರಲ್ಲಿ ಟಿವಿಯಲ್ಲಿಯೇ ಕಾಣುತ್ತಿತ್ತು. ಜಾಕ್ಸನ್‌ವಿಲ್‌ನ ಟೊಪ್ಪಿಗೆ ಹಾಕಿಕೊಂಡು ನಗುತ್ತಿದ್ದ.

ನನ್ನ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ ಎಂದು ತೋರಿಸಲು ನಾನು ಹಳೆಯ ಕಡತ ಬಿಚ್ಚಿದೆ. 2016ರಲ್ಲಿಯೂ ನಮಗೆ ಎರಡನೇ ಸರದಿ ಇತ್ತು, ಫಿಲಡೆಲ್ಫಿಯಾಕ್ಕೆ ಮಾರಿದರು. ಅವರು ಕಾರ್ಸನ್ ವೆಂಟ್ಜ್‌ನನ್ನು ಕೊಂಡರು, ಎರಡನೇ ವರ್ಷಕ್ಕೇ ಈ ಆಟದ ಫೈನಲ್ ಆದ ಸೂಪರ್ ಬೌಲ್ ಗೆದ್ದರು. 2017ರಲ್ಲಿ 12ನೇ ಸರದಿಯನ್ನು ಹ್ಯೂಸ್ಟನ್‌ಗೆ ಮಾರಿದರು. ಅವರು ಡಿಶಾನ್ ವಾಟ್ಸನ್‌ನನ್ನು ಆರಿಸಿದರು. ಐದು ವರ್ಷದ ನಂತರ ಅದೇ ವಾಟ್ಸನ್‌ಗಾಗಿ ನಮ್ಮವರು ಮೂರು ವರ್ಷದ ಮೊದಲ ಸುತ್ತಿನ ಸರದಿಗಳನ್ನು ಹ್ಯೂಸ್ಟನ್‌ಗೆ ಒಪ್ಪಿಸಿ, ಅವನಿಗೆ 23 ಕೋಟಿ ಡಾಲರ್ ಖಾತರಿ ಬರೆದುಕೊಟ್ಟರು. ಮಾವ ಮೊದಲ ಬಾರಿಗೆ ನೆಟ್ಟಗೆ ಕುಳಿತರು. "ಸಂತೆಯಲ್ಲಿ ತಾವೇ ಮಾರಿದ ಎತ್ತನ್ನು ಸಂಜೆ ಮೂರುಪಟ್ಟು ಕೊಟ್ಟು ಕೊಂಡ ಹಾಗಾಯಿತು. ಈಗ ಹೇಗಿದೆ?" ಹಿಮ್ಮಡಿಯ ಪೆಟ್ಟಿನಿಂದ ಮಲಗಿದೆ ಎಂದೆ.

1999ರಿಂದ 2024ರ ಸಾಲಿನವರೆಗೆ 40 ಜನ ಕ್ವಾರ್ಟರ್‌ಬ್ಯಾಕ್‌ಗಳು ನಮ್ಮ ತಂಡದಲ್ಲಿ ಪಂದ್ಯ ಆರಂಭಿಸಿದ್ದರು. ಅಷ್ಟು ಬಾಡಿಗೆದಾರರು ಯಾವ ವಠಾರದಲ್ಲಿಯೂ ಬದಲಾಗಿರಲಾರರು. ಅವರಲ್ಲೊಬ್ಬ ಜಾನಿ ಮ್ಯಾಂಜಿಯೆಲ್, 2014ರ ಆಯ್ಕೆ. ತಾವು ಊಟಕ್ಕೆ ಹೊರಗೆ ಹೋಗಿದ್ದಾಗ ಬೀದಿಯಲ್ಲಿದ್ದ ಮನೆಯಿಲ್ಲದವನೊಬ್ಬನೂ ಅವನನ್ನೇ ಆರಿಸಿ ಎಂದ ಎಂಬುದನ್ನು ತಂಡದ ಮಾಲೀಕರೇ ಆಗ ಹೇಳಿಕೊಂಡಿದ್ದರು. ಮ್ಯಾಂಜಿಯೆಲ್ ಎರಡು ವರ್ಷದ ಆಟ ಮುಗಿಯುತ್ತಿದ್ದಂತೆ ಮನೆಗೆ ಹೋದ. ನನ್ನ ಅಳಲು ಅದಲ್ಲ. ಬೀದಿಯವನ ಮಾತು ಅಷ್ಟು ದೂರ ಹೋಗುವುದಾದರೆ, ಆದಾಯ ತೆರಿಗೆ ಕಟ್ಟುವ, ಮನೆಸಾಲ ಇರುವ, ನಾಲ್ಕು ತಿಂಗಳು ಅಧ್ಯಯನ ಮಾಡಿದ ನನ್ನ ಮಾತು ಏಕೆ ಹೋಗಬಾರದು? ನಾನು ನಿಲ್ಲುವ ಬೀದಿ ಸರಿಯಿಲ್ಲವೇನೋ.

ಐದನೇ ಸರದಿಯಲ್ಲಿ ಮೇಸನ್ ಗ್ರಹಾಂ ಎಂಬ ಭಾರಿ ಆಳನ್ನು ಆರಿಸಿದರು. ಒಳ್ಳೆಯವನೇ ಇರಬೇಕು, ಆದರೆ ಮಿಚಿಗನ್‌ನವನು, ನಮ್ಮ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಹಳೆಯ ಎದುರಾಳಿಗಳ ಕಡೆಯವನು. ಓಹಾಯೋದಲ್ಲಿ ಮಿಚಿಗನ್ ಎಂಬ ಮಾತನ್ನು ಮಕ್ಕಳ ಮುಂದೆ ಆಡುವುದಿಲ್ಲ. ಶುಕ್ರವಾರ ಕಚೇರಿಯಲ್ಲಿ ಪಕ್ಕದ ಮೇಜಿನವನು ಸೂತಕದ ಮನೆಯವನ ಹಾಗೆ ಕುಳಿತಿದ್ದ. ಸಂಜೆ 36ನೇ ಸರದಿಯಲ್ಲಿ ಓಹಾಯೋ ಸ್ಟೇಟ್‌ನ ಜಡ್ಕಿನ್ಸ್ ಬಂದಾಗ ಅವನು ಚೇತರಿಸಿಕೊಂಡ. ನಾನು ಚೇತರಿಸಿಕೊಳ್ಳಲಿಲ್ಲ. "ಅದು ಜಾಕ್ಸನ್‌ನವರು ಕೊಟ್ಟ ಕಾಯಿಯಲ್ಲವೇ?" ಎಂದು ಮಾವ ಬೇರೆ ಕೇಳಿದರು.

ಈ ನಡುವೆ ಮಾವನಿಗೆ ತಮ್ಮದೇ ಒಬ್ಬ ಅಭ್ಯರ್ಥಿ ಹುಟ್ಟಿಕೊಂಡಿದ್ದ. ಶೆಡ್ಯೂರ್ ಸ್ಯಾಂಡರ್ಸ್. ಅಪ್ಪ ಡಿಯಾನ್ ಹಿಂದಿನ ದೊಡ್ಡ ಆಟಗಾರ, ಕೊಲೊರಾಡೊದಲ್ಲಿ ಮಗನಿಗೆ ಅವರೇ ತರಬೇತುದಾರ. ಮೊದಲ ಸುತ್ತಿನಲ್ಲಿಯೇ ಹೋಗುತ್ತಾನೆ ಎಂದು ಎಷ್ಟೋ ಜನ ಬರೆದಿದ್ದರು. ಗುರುವಾರ ಹೋಗಲಿಲ್ಲ. ಶುಕ್ರವಾರ ನಮ್ಮವರು 94ನೇ ಸರದಿಯಲ್ಲಿ ಡಿಲನ್ ಗೇಬ್ರಿಯಲ್ ಎಂಬ ಬೇರೆ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡರು. ಮಾವ ಅರ್ಧ ಗಂಟೆಗೊಮ್ಮೆ ಬಂದು ಕೇಳುತ್ತಿದ್ದರು: "ಮೇಷ್ಟರ ಮಗನಿಗೆ ಸಿಕ್ಕಿತೇ?" ಶನಿವಾರ ಮಧ್ಯಾಹ್ನವೂ ಇಲ್ಲ ಎಂದಾಗ ಸುಮ್ಮನೆ ಕುಳಿತರು. ನನ್ನ ಭಾವಮೈದ ಓದು ಮುಗಿಸಿ ಎರಡು ವರ್ಷ ಕೆಲಸವಿಲ್ಲದೆ ಇದ್ದನಂತೆ. ಅಂಚೆಯವನು ಬರುವ ಹೊತ್ತಿಗೆ ತಾವು ಬೇಕೆಂದೇ ತೋಟದ ಕಡೆ ಹೋಗಿಬಿಡುತ್ತಿದ್ದರಂತೆ, ಮಗನ ಮುಖ ನೋಡಬಾರದೆಂದು. ಇದು ನನಗೆ ಗೊತ್ತಿರಲಿಲ್ಲ. ಹೆಂಡತಿಗೂ ಗೊತ್ತಿರಲಿಲ್ಲ.

ಆಗಲೇ ಅವರು ಕೇಳಿದ್ದು: "ಇಷ್ಟು ಸಂಕಟಪಡುವ ಬದಲು ಬೇರೆ ತಂಡ ಹಿಡಿಯಬಾರದೇ? ಪಿಟ್ಸ್‌ಬರ್ಗ್ ಹತ್ತಿರವೇ ಇದೆಯಂತೆ, ಆರು ಕಪ್ ಇದೆಯಂತೆ."

ನಾನು ಈ ಊರಿಗೆ ಬಂದದ್ದು 2017ರಲ್ಲಿ, ಒಬ್ಬನೇ. ಹೆಂಡತಿ, ಮಗು ಊರಿನಲ್ಲಿದ್ದರು. ಆ ವರ್ಷ ಬ್ರೌನ್ಸ್ 16 ಪಂದ್ಯ ಆಡಿ 16ನ್ನೂ ಸೋತಿತು. 2018ರ ಜನವರಿ 6ರಂದು, ಮೂಗು ಉದುರುವಂಥ ಚಳಿಯಲ್ಲಿ, ಅಭಿಮಾನಿಗಳು ಸೇರಿ ಮೆರವಣಿಗೆ ಮಾಡಿದರು. ಸಾವಿರಾರು ಜನ ಕ್ರೀಡಾಂಗಣದ ಸುತ್ತ ಸೊನ್ನೆಯ ಆಕಾರದಲ್ಲಿ ನಡೆದರು. ಕೋಣೆಯಲ್ಲಿ ಒಬ್ಬನೇ ಕೂರಲಾರದೆ ನಾನೂ ಹೋಗಿದ್ದೆ. 2009, 2011, 2016ರ ಮೂರೂ ಫೈನಲ್ ಸೋತ ಬೆಂಗಳೂರು ತಂಡದವನು ನಾನು. ಆ ಗುಂಪಿನಲ್ಲಿ ಯಾರೂ ನನಗೆ ಏನನ್ನೂ ವಿವರಿಸಬೇಕಾಗಲಿಲ್ಲ. ನಾಯಿಯ ಮುಖವಾಡ ಹಾಕಿದ್ದ ಮುದುಕನೊಬ್ಬ "ಮೊದಲ ವರ್ಷವೇ?" ಎಂದು ಕೇಳಿದ. ಹೌದು ಎಂದೆ. ಮುಖವಾಡ ಮೇಲಕ್ಕೆ ಸರಿಸಿ, ನನ್ನ ಹೆಗಲ ಮೇಲೆ ಕೈಯಿಟ್ಟು, ಊರಿನ ಪರವಾಗಿ ಕ್ಷಮೆ ಕೇಳಿದ. ಅವನ ಗೇಣು ಎಷ್ಟಿತ್ತೋ ಏನೋ, ಹೆಗಲಿಗೆ ಬೆಚ್ಚಗಿತ್ತು.

ಇದನ್ನೆಲ್ಲ ಮಾವನಿಗೆ ಹೇಳುತ್ತಿರುವಾಗಲೇ ಐದನೇ ಸುತ್ತಿನಲ್ಲಿ, 144ನೇ ಸರದಿಯಲ್ಲಿ, ನಮ್ಮವರು ಶೆಡ್ಯೂರ್ ಸ್ಯಾಂಡರ್ಸ್‌ನನ್ನು ಆರಿಸಿದರು. ಎರಡು ದಿನದಲ್ಲಿ ಎರಡನೇ ಕ್ವಾರ್ಟರ್‌ಬ್ಯಾಕ್! ಒಬ್ಬನ ಮೇಲೊಬ್ಬ, ಈಗಾಗಲೇ ಇರುವವರ ಜೊತೆ ಇವರು, ಚೆಂಡು ಮಾತ್ರ ಒಂದೇ ಎಂದು ನಾನು ಕೂಗಾಡಲು ಬಾಯಿ ತೆರೆದೆ. ಮಾವ ಅಷ್ಟರಲ್ಲಿ ಎದ್ದು ದೇವರ ಮುಂದಿನ ಸಕ್ಕರೆ ಬಟ್ಟಲು ತಂದು ಎಲ್ಲರ ಕೈಗೂ ಹಾಕುತ್ತಿದ್ದರು. "ಮೇಷ್ಟರ ಮಗನಿಗೆ ಸಿಕ್ಕಿತು" ಎಂದು ತಿಪಟೂರಿಗೆ ಫೋನೂ ಮಾಡಿದರು. ಅಲ್ಲಿ ಆಗ ಸರಿರಾತ್ರಿ. ಯಾವ ಮೇಷ್ಟರು ಎಂದು ಅತ್ತಿಗೆ ಕೇಳಿದ್ದು ಇಲ್ಲಿಯವರೆಗೆ ಕೇಳಿಸಿತು.

ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ಕೂಗಾಡಲು ಬರುವುದಿಲ್ಲ. ನುಂಗಿದೆ.

ನಿನ್ನೆ ಸಂಜೆ ಕುಕ್ಕರ್ ಕೂಗಿತು. ಒಂದು, ಎರಡು, ಮೂರು. ಡ್ರಾಫ್ಟ್ ಮುಗಿದಿತ್ತು, ಟಿವಿಯಲ್ಲಿ ಏನೂ ಇರಲಿಲ್ಲ, ಆದರೂ ನಾನು ಏಳಲಿಲ್ಲ. ಗುರುವಾರದ ನೋವು ಇನ್ನೂ ಇತ್ತು. ಏಳನೇ ಕೂಗಿಗೆ ಹೆಂಡತಿ ಕೆಳಗಿಳಿದು ಬಂದಳು. ಅನ್ನ ತಳ ಹಿಡಿದಿತ್ತು. ಊಟಕ್ಕೆ ಕುಳಿತಾಗ ಮಾವ ಕಂದುಬಣ್ಣದ ಅಗುಳುಗಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ, ಬಹಳ ಹೊತ್ತು ಲೆಕ್ಕ ಹಾಕಿದವರ ಹಾಗೆ ಹೇಳಿದರು:

"ಇದನ್ನು ಜಾಕ್ಸನ್‌ನವರಿಗೆ ಕೊಟ್ಟು ಮುಂದಿನ ವರ್ಷದ ಅಕ್ಕಿ ಕೇಳಿ."