ದಿಂಬಿನ ವಿಚಾರಣೆ

2025ರ ಸೆಪ್ಟೆಂಬರ್ ತಿಂಗಳಲ್ಲಿ ನಾಡಿನ ಜನತೆ ಒಂದು ದಿಂಬಿಗಾಗಿ ಉಸಿರು ಬಿಗಿಹಿಡಿದು ಕಾದದ್ದನ್ನು ಓದುಗರು ಮರೆತಿರಲಾರರು. ಕೊಲೆ ಪ್ರಕರಣದ ಆರೋಪಿಯಾಗಿ ಬೆಂಗಳೂರಿನ ಪರಪ್ಪನ ಅಗ್ರಹಾರದ ಜೈಲಿನಲ್ಲಿದ್ದ ನಟ ದರ್ಶನ್ ಅವರಿಗೆ ದಿಂಬು ಸಿಕ್ಕಿತೇ, ಸಿಕ್ಕಿದ್ದರೆ ನಿಯಮಾವಳಿಯ ಪ್ರಕಾರ ಸಿಕ್ಕಿತೇ ಅಥವಾ ಪ್ರಭಾವದಿಂದ ಸಿಕ್ಕಿತೇ ಎಂಬ ಚರ್ಚೆ ಬೆಳಗಿನ ಜ್ಯೋತಿಷ್ಯ ಕಾರ್ಯಕ್ರಮ ಮುಗಿದ ಕೂಡಲೇ ಆರಂಭವಾಗಿ ರಾತ್ರಿಯ ಕ್ರೈಂ ಸುದ್ದಿಯವರೆಗೂ ನಡೆಯುತ್ತಿತ್ತು. ಅರ್ಜಿ, ತಕರಾರು, ಆದೇಶ, ಆದೇಶ ಪಾಲನೆಯಾಗಿಲ್ಲವೆಂಬ ಮತ್ತೊಂದು ಅರ್ಜಿ, ಹೀಗೆ ದಿಂಬಿನ ಪ್ರಕರಣವು ಮೂಲ ಪ್ರಕರಣಕ್ಕಿಂತ ಚುರುಕಾಗಿ ಸಾಗಿತು. ಕೊನೆಗೆ ಕಾನೂನು ಸೇವಾ ಪ್ರಾಧಿಕಾರದವರು ಖುದ್ದಾಗಿ ಜೈಲಿಗೆ ಹೋಗಿ, ಹಾಸಿಗೆ ಹೊದಿಕೆಗಳನ್ನೆಲ್ಲ ನೋಡಿ ವರದಿ ಸಲ್ಲಿಸಿದರು. ಈ ಪ್ರಾಧಿಕಾರ ಹುಟ್ಟಿದ್ದು ಬಡವರಿಗೆ ಉಚಿತ ಕಾನೂನು ನೆರವು ಕೊಡಲೆಂದು ಎನ್ನುವುದು ನನಗೆ ನೆನಪಾದದ್ದು ಆಗಲೇ.

ನಮ್ಮ ವಾಹಿನಿಗಳು ಕನ್ನಡಕ್ಕೆ ಕೊಟ್ಟ ಕೊಡುಗೆಗಳಲ್ಲಿ ‘ರಾಜಾತಿಥ್ಯ’ ಎಂಬ ಪದಕ್ಕೆ ವಿಶೇಷ ಸ್ಥಾನವಿದೆ. ಹಿಂದೆಲ್ಲ ರಾಜರ ಅರಮನೆಗೆ ಹೋದವರಿಗೆ ದೊರೆಯುತ್ತಿದ್ದದ್ದು ರಾಜಾತಿಥ್ಯ. ಈಗ ಜೈಲಿನಲ್ಲಿ ಕುರ್ಚಿಯ ಮೇಲೆ ಕುಳಿತರೆ ಅದೇ ರಾಜಾತಿಥ್ಯ. ಜೈಲಿಗೆ ನಮ್ಮಲ್ಲಿ ಮೊದಲಿನಿಂದಲೂ ಅಕ್ಕರೆಯ ಹೆಸರುಗಳೇ ಇವೆಯಷ್ಟೆ. ಒಬ್ಬರು ಅದನ್ನು ಮಾವನ ಮನೆ ಎಂದರು, ಇನ್ನೊಬ್ಬರು ಶ್ರೀಕೃಷ್ಣನ ಜನ್ಮಸ್ಥಾನ ಎಂದರು. ಸರ್ಕಾರವೂ ಹಿಂದೆ ಬೀಳಬಾರದೆಂದು ಬಂದೀಖಾನೆಯನ್ನು ಕಾರಾಗೃಹವಾಗಿಸಿ, ಕಾರಾಗೃಹಕ್ಕೆ ‘ಸುಧಾರಣಾ ಸೇವೆ’ ಎಂಬ ಬಾಲ ಜೋಡಿಸಿತು. ಬೋರ್ಡು ಬದಲಾಯಿಸುವ ಮಟ್ಟಿಗೆ ಕಾರಾಗೃಹ ಸುಧಾರಣೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಒಳಗಿನ ಸುಧಾರಣೆಗೂ ಒಂದು ಸಿದ್ಧ ಪಾಕವಿಧಾನವಿದೆ. 2024ರ ಆಗಸ್ಟ್‌ನಲ್ಲಿ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಮಗ್ಗು ಮತ್ತು ಸಿಗರೇಟು ಹಿಡಿದು ಕುಳಿತ ಇದೇ ನಟರ ಫೋಟೊ ಹೊರಬಿದ್ದಾಗ ಅಧಿಕಾರಿಗಳು ಅಮಾನತಾದರು, ನಟರು ಬಳ್ಳಾರಿಗೆ ಹೋದರು, ಸುಧಾರಣೆ ಸಂಪನ್ನವಾಯಿತು. 2025ರ ನವೆಂಬರ್‌ನಲ್ಲಿ ಮೊಬೈಲು, ಟಿವಿ, ಕುಣಿತಗಳ ವಿಡಿಯೊಗಳು ಬಂದಾಗಲೂ ಅಮಾನತು, ವರ್ಗಾವಣೆ, ಜೊತೆಗೆ ಒಂದು ಉನ್ನತ ಮಟ್ಟದ ಸಮಿತಿ. 2017ರದ್ದಂತೂ ಇನ್ನೂ ಸೊಗಸು. ತಮಿಳುನಾಡಿನ ಪ್ರಭಾವಿ ಮಹಿಳೆಯೊಬ್ಬರಿಗಾಗಿ ಒಳಗೆ ಪ್ರತ್ಯೇಕ ಅಡುಗೆಮನೆ ನಡೆಯುತ್ತಿದೆಯೆಂದು ಕಾರಾಗೃಹ ಇಲಾಖೆಯ ಡಿಐಜಿ ಡಿ. ರೂಪಾ ಅವರು ವರದಿ ಕೊಟ್ಟರು. ಸರ್ಕಾರ ಒಂದು ವಾರದೊಳಗೆ ಅವರನ್ನೇ ಸಂಚಾರ ವಿಭಾಗಕ್ಕೆ ಕಳಿಸಿತು. ವಾಹನಗಳನ್ನು ನಿಲ್ಲಿಸಿ ತಪಾಸಣೆ ಮಾಡಿದರೆ ಯಾರ ಅಡುಗೆಮನೆಗೂ ತೊಂದರೆಯಿಲ್ಲ.

ಜಾಮರ್ ವಿಚಾರವನ್ನು ಇಲ್ಲಿ ಹೇಳದೆ ಮುಂದೆ ಹೋದರೆ ಅಪಚಾರವಾಗುತ್ತದೆ. ಕೈದಿಗಳು ಮೊಬೈಲಿನಲ್ಲಿ ಮಾತಾಡದಿರಲೆಂದು ಪರಪ್ಪನ ಅಗ್ರಹಾರದಲ್ಲಿ ದುಬಾರಿ ಜಾಮರ್‌ಗಳನ್ನು ಅಳವಡಿಸಿದರು. ಅದರ ಪರಿಣಾಮವಾಗಿ ಸುತ್ತಮುತ್ತಲಿನ ಬಡಾವಣೆಗಳ ನಿವಾಸಿಗಳು, ಅಂದರೆ ಯಾವ ಅಪರಾಧವನ್ನೂ ಮಾಡದೆ ಬರೀ ಸಾಲ ಮಾಡಿ ಸೈಟು ಕೊಂಡವರು, ತಮ್ಮ ಫೋನುಗಳಿಗೆ ಸಿಗ್ನಲ್ ಬಾರದೆ ಪರದಾಡಿದರು. ಓಟಿಪಿ ಬರುವುದಿಲ್ಲ, ಕ್ಯಾಬಿನವನಿಗೆ ದಾರಿ ಹೇಳಲಾಗುವುದಿಲ್ಲ ಎಂದು ದೂರು ಕೊಟ್ಟರು, ಪ್ರತಿಭಟಿಸಿದರು. ಗೋಡೆಯ ಒಳಗಿನಿಂದ ಮಾತ್ರ ವಿಡಿಯೊಗಳು ಸ್ಪಷ್ಟವಾಗಿ ಬರುತ್ತಲೇ ಇದ್ದವು. ನೆಟ್‌ವರ್ಕ್ ಬೇಕಾದವರು ಚಿಕ್ಕದೊಂದು ತಪ್ಪು ಮಾಡಿ ಒಳಗೆ ಸೇರುವುದು ಒಳಿತೆಂದು ಅಲ್ಲಿನ ಗೆಳೆಯರೊಬ್ಬರು ನನ್ನೊಡನೆ ಹೇಳಿದ್ದರು. ಅವರು ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದರು. ಲೈನು ಕಡಿದುಹೋದದ್ದರಿಂದ ಅದು ತಮಾಷೆಯೋ ಯೋಜನೆಯೋ ತಿಳಿಯಲಿಲ್ಲ.

ರಾಜಾತಿಥ್ಯದ ಗದ್ದಲದಲ್ಲಿ ಸಾಮಾನ್ಯ ಅತಿಥಿಗಳ ಲೆಕ್ಕ ಯಾರಿಗೂ ಬೇಕಾಗುವುದಿಲ್ಲ. ಕೇಂದ್ರದ ಅಪರಾಧ ದಾಖಲೆಗಳ ವಿಭಾಗದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು. ಅಪರಾಧ ಸಾಬೀತಾಗದೆಯೇ ಕಂಬಿ ಎಣಿಸುತ್ತಿರುವವರು. ನೂರು ಮಂದಿಯ ಜಾಗದಲ್ಲಿ ಸರಾಸರಿ 131 ಮಂದಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರು ಬ್ಯಾರಕ್ ನೋಡಿದವರಲ್ಲ. ಅಲ್ಲಿ ಕಾಲು ಚಾಚುವ ಮುನ್ನ ಅಕ್ಕಪಕ್ಕದ ಇಬ್ಬರ ಒಪ್ಪಿಗೆ ಪಡೆಯಬೇಕು. ದಿಂಬಿನ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ, ತೋಳೇ ದಿಂಬು.

ಇದನ್ನೆಲ್ಲ ಸರಿಪಡಿಸಲು ನ್ಯಾಯಮೂರ್ತಿ ಎ.ಎನ್. ಮುಲ್ಲಾ ಸಮಿತಿಯು 1980ರಿಂದ 1983ರವರೆಗೆ ಶ್ರಮಪಟ್ಟು ವರದಿ ಕೊಟ್ಟಿತು. ಆಮೇಲೆ ಮಹಿಳಾ ಕೈದಿಗಳಿಗಾಗಿ ಕೃಷ್ಣ ಅಯ್ಯರ್ ಸಮಿತಿ, 2018ರಲ್ಲಿ ಅಮಿತಾವ ರಾಯ್ ಸಮಿತಿ. ಬ್ರಿಟಿಷರ 1894ರ ಕಾರಾಗೃಹ ಕಾಯ್ದೆಗೆ ಬದಲಾಗಿ ಕೇಂದ್ರವು 2023ರಲ್ಲಿ ಮಾದರಿ ಕಾಯ್ದೆಯೊಂದನ್ನು ರಚಿಸಿ ರಾಜ್ಯಗಳಿಗೆ ಕಳಿಸಿತು. ಕಾರಾಗೃಹವು ರಾಜ್ಯದ ವಿಷಯವಾದ್ದರಿಂದ ಅದು ಬರೀ ಮಾದರಿ, ಬಟ್ಟೆಯಂಗಡಿಯ ಗಾಜಿನೊಳಗಿನ ಗೊಂಬೆಗೆ ಉಡಿಸಿದ ಸೀರೆಯ ಹಾಗೆ. ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆಗೆ ಯಾವ ಜಾತಿ, ಕಕ್ಕಸು ಬಳಿಯಲು ಯಾವ ಜಾತಿ ಎಂಬ ವ್ಯವಸ್ಥೆ ಅಚ್ಚಿನಲ್ಲೇ ಇತ್ತು. ಅದು ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್ 3ರಂದು, ಸಂವಿಧಾನ ಜಾರಿಗೆ ಬಂದ 74 ವರ್ಷಗಳ ಮೇಲೆ. ಹೊರಗೆ ಜಾತಿ ಎಲ್ಲಿದೆ ಸ್ವಾಮಿ ಎಂದು ಕೇಳುವವರಿಗೆ ಇನ್ನು ಮುಂದೆ ಕೈಪಿಡಿಯ ಪುಟಸಂಖ್ಯೆಯನ್ನೇ ಕೊಡಬಹುದು.

ನಗುವುದಕ್ಕೂ ಒಂದು ಮಿತಿಯಿದೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಸಾಮಾಜಿಕ ತರಬೇತಿ ಸಂಸ್ಥೆಯೊಂದನ್ನು ನಡೆಸಿ, ಬಳಿಕ ಜಾರ್ಖಂಡ್‌ನ ಆದಿವಾಸಿಗಳ ನಡುವೆ ದುಡಿದ ಸ್ಟ್ಯಾನ್ ಸ್ವಾಮಿ ಅವರು 2020ರ ನವೆಂಬರ್‌ನಲ್ಲಿ ಜೈಲಿನೊಳಗಿಂದ ಕೇಳಿದ್ದು ದಿಂಬನ್ನಲ್ಲ, ಒಂದು ಸಿಪ್ಪರ್ ಲೋಟವನ್ನು ಮತ್ತು ಸ್ಟ್ರಾ ಅನ್ನು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ನೀರು ಚೆಲ್ಲಿಹೋಗುತ್ತಿತ್ತು. ಆ ಅರ್ಜಿಗೆ ಉತ್ತರ ಕೊಡಲು ತನಿಖಾ ಸಂಸ್ಥೆ 20 ದಿನಗಳ ಕಾಲಾವಕಾಶ ಕೇಳಿತು. ಮರುವರ್ಷ ಜುಲೈನಲ್ಲಿ, 84ನೇ ವಯಸ್ಸಿನಲ್ಲಿ, ಅವರು ವಿಚಾರಣಾಧೀನ ಕೈದಿಯಾಗಿಯೇ ತೀರಿಕೊಂಡರು. ತುರ್ತುಪರಿಸ್ಥಿತಿಯಲ್ಲಿ ಇದೇ ಬೆಂಗಳೂರಿನ ಸೆಂಟ್ರಲ್ ಜೈಲು ಆಸ್ತಮಾದಿಂದ ನರಳುತ್ತಿದ್ದ ನಟಿ ಸ್ನೇಹಲತಾ ರೆಡ್ಡಿ ಅವರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟಿತು. ಕೆಲವೇ ದಿನಗಳಲ್ಲಿ ಅವರು ಸತ್ತರು. ತುರ್ತುಪರಿಸ್ಥಿತಿಯ ಕಾಲದಲ್ಲೇ ಅದೇ ಜೈಲು ಕಂಡಿದ್ದ ವಾಜಪೇಯಿ ಮುಂದೆ ಪ್ರಧಾನಿಯಾದರು, ಅಡ್ವಾಣಿ ಗೃಹ ಸಚಿವರಾದರು. ಜೈಲಿನ ಮುದ್ದೆ ಮುರಿದವರ ಕೈಗೇ ಅಧಿಕಾರ ಬಂದಿತ್ತು. 1894ರ ಕಾಯ್ದೆ ಮಾತ್ರ ಇದ್ದಲ್ಲೇ ಇತ್ತು. ಆ ಜೈಲು ಈಗ ಫ್ರೀಡಂ ಪಾರ್ಕ್ ಆಗಿದೆ. ಇನ್ನು ಯಾರ ಮೇಲೆ ಸಿಟ್ಟು ಮಾಡುವುದು?

ಒಳ್ಳೆಯ ಜೈಲು ಹೇಗಿರಬೇಕೆಂದು ಗೊತ್ತಿಲ್ಲದ ನಾಡೇನೂ ನಮ್ಮದಲ್ಲ. ರಾಜಸ್ಥಾನದ ಸಾಂಗಾನೇರ್ ಬಯಲು ಬಂದೀಖಾನೆಯಲ್ಲಿ ಸಜಾಬಂದಿಗಳು ಹೆಂಡತಿ ಮಕ್ಕಳೊಂದಿಗೆ ಮನೆ ಮಾಡಿಕೊಂಡು, ಬೆಳಿಗ್ಗೆ ದುಡಿಯಲು ಹೊರಗೆ ಹೋಗಿ ಸಂಜೆ ಹಾಜರಿಗೆ ಮರಳುತ್ತಾರೆ. ಕರ್ನಾಟಕದಲ್ಲೂ ಅಂಥದೊಂದು ಬಯಲು ಬಂದೀಖಾನೆ ಕೋರಮಂಗಲದಲ್ಲಿದೆ. ಬಾರು, ಪಬ್ಬುಗಳ ಕೋರಮಂಗಲದಲ್ಲಲ್ಲ, ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ. ನೂರು ಮಂದಿಗೂ ಜಾಗವಿಲ್ಲದ ಅದೊಂದೇ ಇಡೀ ರಾಜ್ಯಕ್ಕೆ.

ಕೆಲ ದಿನಗಳ ಹಿಂದೆ ನ್ಯಾಯಾಲಯವೊಂದರ ಆವರಣದ ಟೀ ಅಂಗಡಿಯಲ್ಲಿ ಹೆಂಗಸೊಬ್ಬರು ಪ್ಲಾಸ್ಟಿಕ್ ಕವರಿನಿಂದ ಪಹಣಿ ತೆಗೆದು ನನ್ನೆದುರು ಹಿಡಿದರು. ಅವರ ಮಗನಿಗೆ ಜಾಮೀನು ಮಂಜೂರಾಗಿ ತಿಂಗಳಾಗಿದೆ, ಆದರೆ ಶ್ಯೂರಿಟಿ ಇಲ್ಲ. ಇಂಥವರಿಗಾಗಿಯೇ ಕೇಂದ್ರವು 2023ರಲ್ಲಿ ಬಡ ಕೈದಿಗಳ ನೆರವಿನ ಯೋಜನೆ ತಂದು, ಜಾಮೀನಿಗೆ ಆಗ ತಲಾ 40,000 ರೂಪಾಯಿಯವರೆಗೆ ಕೊಡಲು ವರ್ಷಕ್ಕೆ 20 ಕೋಟಿ ತೆಗೆದಿರಿಸಿತು. ಆ ಹಣವನ್ನು ಬಳಸಿರೆಂದು ಗೃಹ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು ಅಂಗಲಾಚಬೇಕಾಯಿತು. 1978ರಲ್ಲಿ ಮಧ್ಯಪ್ರದೇಶದ ಗಾರೆ ಕೆಲಸದ ಮೋತಿ ರಾಮ್‌ನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಮ್ಯಾಜಿಸ್ಟ್ರೇಟರು ಅವನ ಜಾಮೀನನ್ನು ಒಪ್ಪದಿದ್ದಾಗ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅದನ್ನು ಚೆನ್ನಾಗಿಯೇ ಝಾಡಿಸಿದ್ದರು. ಈ ತಾಯಿಯ ಆಸ್ತಿ ಇದೇ ಜಿಲ್ಲೆಯಲ್ಲಿದೆ, ಒಂದೂಕಾಲು ಎಕರೆ. ಪಹಣಿ ಮಾತ್ರ ಇನ್ನೂ ತೀರಿಹೋದ ಗಂಡನ ಹೆಸರಿನಲ್ಲೇ ಇದೆ. ಪೌತಿ ಖಾತೆ ಮಾಡಿಸಿಕೊಳ್ಳಿ ಅಮ್ಮ, ಆಮೇಲೆ ನೀವೇ ಶ್ಯೂರಿಟಿ ಕೊಡಬಹುದು ಎಂದು ನಾನು ತಿಳಿದವನ ಹಾಗೆ ಹೇಳಿದೆ.

“ಹೋಗಿದ್ದೆ ಸಾರ್. ವಾರಸುದಾರರೆಲ್ಲ ಬಂದು ಸೈನ್ ಹಾಕ್ಬೇಕಂತೆ” ಎಂದರು. “ಇರೋನು ಒಬ್ಬ ಮಗ. ಅವನು ಒಳಗಿದ್ದಾನಲ್ಲ.”