ಮಳೆ ನಿಂತರೆ ಸಾಲದು, ಮಣ್ಣು ಹದಕ್ಕೆ ಬರಬೇಕು

ಮಳೆ ನಿಂತು ಬಿಸಿಲು ಬಂತು ಅಂದ್ರೆ ಮೌಂಟನ್ ಬೈಕ್ (ಗುಡ್ಡಗಾಡಿನ ಸೈಕಲ್) ಓಡಿಸುವ ಗೆಳೆಯರದ್ದು ಒಂದೇ ಪ್ರಶ್ನೆ: ಇವತ್ತು ಟ್ರೈಲ್‌ಗೆ, ಅಂದ್ರೆ ಗುಡ್ಡದ ಮಣ್ಣಿನ ದಾರಿಗೆ, ಹೋಗಬಹುದಾ? ಯಾರಾದರೊಬ್ಬರು "ಒಂದು ದಿನ ಬಿಟ್ಟರೆ ಸಾಕು" ಅಂತಾರೆ. ನಾನು ಇದನ್ನು ಒಪ್ಪುವುದಿಲ್ಲ. ಗಡಿಯಾರ ನೋಡಿ ಹೇಳುವ ಮಾತಲ್ಲ ಇದು, ಮಣ್ಣು ನೋಡಿ ಹೇಳಬೇಕು.

ಹೊಲ ಉಳುವವರು ಹದ ಬಂದಿದೆಯಾ ಅಂತ ಒಂದು ಹಿಡಿ ಮಣ್ಣು ಅಮುಕಿ ನೋಡ್ತಾರಲ್ವಾ, ನಾನೂ ಈಗ ಹಾಗೇ ಮಾಡುತ್ತೇನೆ. ಉಂಡೆ ಬೆರಳು ತಾಗಿಸಿದ ಕೂಡಲೇ ಪುಡಿಯಾದರೆ ಹೊರಡಬಹುದು. ಕೈಗೆ ಅಂಟಿಕೊಂಡು, ಹೊಸೆದರೆ ಬತ್ತಿಯ ಹಾಗೆ ಉದ್ದ ಬಂದರೆ ಇನ್ನೂ ಕಾಯಬೇಕು.

ಎಷ್ಟು ಕಾಯಬೇಕು ಅನ್ನೋದು ಮಣ್ಣು ಎಂಥದ್ದು ಅನ್ನೋದರ ಮೇಲೆ ನಿಂತಿದೆ. ಜೇಡಿಮಣ್ಣಿನ ಕಣಗಳು 0.002 ಮಿಲಿಮೀಟರ್‌ಗಿಂತ ಚಿಕ್ಕವು. ಅವುಗಳ ಸಂದಿನಲ್ಲಿ ಸೇರಿಕೊಂಡ ನೀರು ಬೇಗ ಇಳಿಯುವುದಿಲ್ಲ. ಮೇಲೆ ಒಣಗಿ ಬಣ್ಣ ತಿಳಿಯಾಗಿರುತ್ತದೆ, ಒಳಗೆ ಮಾತ್ರ ಮೆತ್ತಗೆ. ಮರಳುಮಣ್ಣಿನ ಕಥೆಯೇ ಬೇರೆ. ಪೂರಾ ಒಣಗಿದಾಗ ಚಕ್ರ ಹೂತುಹೋಗುವ ಜಾಗದಲ್ಲಿ ಮಳೆಯಾಗಿ ಕೆಲವು ಗಂಟೆಗೇ ಒಳ್ಳೆ ಹಿಡಿತ ಸಿಗುತ್ತದೆ. ಒಂದೇ ಮಳೆ ಬಿದ್ದರೂ ಒಂದು ಟ್ರೈಲ್ ಸಂಜೆಗೇ ಸಿದ್ಧ, ಇನ್ನೊಂದಕ್ಕೆ ವಾರ ಬೇಕಾಗಬಹುದು. ಒಂದೇ ಟ್ರೈಲ್‌ನಲ್ಲೂ ಬಿಸಿಲು ಬೀಳುವ ಏರು ಒಣಗಿರುತ್ತದೆ, ಮರದ ನೆರಳಿನ ತಗ್ಗು ಒಣಗಿರುವುದಿಲ್ಲ. ನಾವು ಶುರುವಿನ ಬಯಲು ಜಾಗ ನೋಡಿ ತೀರ್ಮಾನ ಮಾಡುತ್ತೇವೆ. ನೋಡಬೇಕಾದ್ದು ಆ ತಗ್ಗನ್ನು.

ಒಂದು ಟಯರ್ ಗುರುತಿನಿಂದ ಏನಾಗುತ್ತೆ ಅಂತ ಕೇಳುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಮ್ಮೆ ಮಳೆಯ ಮರುದಿನವೇ ಜೇಡಿಮಣ್ಣಿನ ಇಳಿಜಾರಿನಲ್ಲಿ ಇಳಿದುಬಿಟ್ಟೆ. ಎರಡು ಬೆರಳು ಆಳದ ಗೀರು ಬಿತ್ತು. ಬಿಸಿಲಿಗೆ ಅದು ಇಟ್ಟಿಗೆಯಂತೆ ಗಟ್ಟಿಯಾಯಿತು. ಮುಂದಿನ ಮಳೆಯ ನೀರೆಲ್ಲ ಅದೇ ಗೀರು ಹಿಡಿದು ಹರಿಯಿತು, ಗೀರು ಕಾಲುವೆಯಾಯಿತು. ನಡೆಯುವವರ ಹೆಜ್ಜೆಗುಂಡಿಯಲ್ಲಿ ನೀರು ಅಲ್ಲೇ ನಿಂತಿರುತ್ತದೆ. ಚಕ್ರದ ಗುರುತು ಮೇಲಿಂದ ಕೆಳಗಿನವರೆಗೆ ಒಂದೇ ಗೆರೆ, ನೀರಿಗೆ ದಾರಿ ತೋರಿಸುತ್ತದೆ. ಟ್ರೈಲ್ ಮಾಡುವವರು ನೀರು ಪಕ್ಕಕ್ಕೆ ಜಾರಿಹೋಗಲಿ ಅಂತ ದಾರಿಯನ್ನು ಹೊರಗಡೆಗೆ ಸ್ವಲ್ಪ ವಾಲಿಸಿರುತ್ತಾರೆ. ಗೀರು ಬಿದ್ದ ಮೇಲೆ ನೀರು ಆ ಅಂಚನ್ನು ಮುಟ್ಟುವುದೇ ಇಲ್ಲ. ಅವರ ಕೆಲಸವೆಲ್ಲ ನೀರುಪಾಲು. ಆ ಇಳಿಜಾರು ಸರಿಮಾಡಲು ನಾವು ನಾಲ್ಕು ಜನ ಎರಡು ಬೆಳಗ್ಗೆ ಸನಿಕೆ ಹಿಡಿದೆವು. ನನಗೆ ಸಿಕ್ಕಿದ್ದು ಹತ್ತು ನಿಮಿಷದ ಖುಷಿ.

ಟಯರ್ ಗಾಳಿ ಕಡಿಮೆ ಮಾಡಿದರೆ ಹಿಡಿತ ಸಿಗುತ್ತೆ ನಿಜ, ಆದರೆ ಹಸಿ ಮಣ್ಣು ಹಸಿಯಾಗೇ ಇರುತ್ತದೆ. ಕೆಸರಿನಲ್ಲಿ ಓಡಿಸೋದೇ ಮಜಾ ಅನ್ನುವವರು ಕಲ್ಲು ಜಾಸ್ತಿ ಇರುವ, ನೀರು ಬೇಗ ಬಸಿಯುವ ದಾರಿ ಹುಡುಕಿಕೊಳ್ಳಲಿ. ಚೈನ್, ಬ್ರೇಕ್ ಪ್ಯಾಡ್ ಸವೆಯುವುದು ಅವರವರ ಖರ್ಚು. ಟ್ರೈಲ್ ಮಾತ್ರ ಎಲ್ಲರದ್ದು.

ದಾರಿ ಬಹುಪಾಲು ಒಣಗಿದ್ದು, ನಡುವೆ ಒಂದೆರಡು ಕಡೆ ನೀರು ನಿಂತಿದ್ದರೆ ನಿಧಾನವಾಗಿ ಅದರ ನಡುವೆಯೇ ಹಾದುಹೋಗಿ. ಪಕ್ಕದಿಂದ ಸುತ್ತಿದರೆ ಅಂಚಿನ ಹುಲ್ಲು ಸಾಯುತ್ತದೆ, ಕೆಸರು ಅಗಲವಾಗುತ್ತದೆ, ಮುಂದಿನವರು ಇನ್ನೂ ಆಚೆಯಿಂದ ಸುತ್ತುತ್ತಾರೆ. ಹೆಜ್ಜೆಹೆಜ್ಜೆಗೂ ನೀರಿದ್ದರೆ ಆ ದಿನ ಅಲ್ಲಿ ನಮಗೆ ಕೆಲಸವಿಲ್ಲ.

ಈ ವಾರ ಹತ್ತು ಮೀಟರ್ ಹೋಗಿ, ಇಳಿದು, ಹಿಂದೆ ತಿರುಗಿ ನೋಡಿದೆ. ಟಯರಿನ ಮೇಲಿನ ಉಬ್ಬುಗಳಿಗಿಂತ ಆಳವಾಗಿ ಗುರುತು ಬಿದ್ದಿತ್ತು. ಸೈಕಲ್ಲನ್ನು ಮರಕ್ಕೆ ಒರಗಿಸಿ ಅಂಚಿನಲ್ಲೇ ನಡೆದುಕೊಂಡು ತಗ್ಗಿನವರೆಗೆ ಹೋದೆ. ನೀರು ಹೊರಹೋಗುವ ಬಾಯಿಗೆ ಎಲೆ ಕಟ್ಟಿಕೊಂಡಿತ್ತು. ಕೋಲಿನಿಂದ ಕೆದಕಿ ಬಿಡಿಸಿದೆ. ನಿಂತ ನೀರು ಸರಸರ ಹರಿದುಹೋಯಿತು.